ಬೆಳಗಿನ ತಿಂಡಿ ತಿಂದ ಪೈಲ್ವಾನ

ಓಗಾ, ಅಕಿತಾ
ಫೆಬ್ರುವರಿ 11

ಗುರುಪತ್ನಿ ಅಮ್ಮಾವರಿಗೆ ಕಜುಮಾ ಮಾಡುವ ನಮಸ್ಕಾರಗಳು.

ಪತ್ರದ ಮೊದಲ ಸಾಲಿನಲ್ಲಿ ಹವೆಯ ಮಾತು ಬರಬೇಕು ಎಂದು ಗರಡಿಗೆ ಸೇರಿದ ವರ್ಷವೇ ನೀವು ಕಲಿಸಿದ್ದಿರಿ. ಇಲ್ಲಿ ಹಿಮ ಸೊಂಟದವರೆಗೆ ಬಿದ್ದಿದೆ. ನನ್ನ ಸೊಂಟವಲ್ಲ, ಊರಿನವರ ಸೊಂಟ. "ಫೋನಲ್ಲಿ ನೀನು ಹ್ಞೂಂ ಬಿಟ್ಟು ಬೇರೆ ಮಾತಾಡಲ್ಲ, ಬರೆದೇ ತಿಳಿಸು" ಎಂದು ರೈಲು ಹತ್ತಿಸುವಾಗ ಅಪ್ಪಣೆ ಕೊಟ್ಟಿದ್ದಿರಲ್ಲ, ಅದಕ್ಕೇ ಈ ಕಾಗದ.

ಕೆಲಸ ಸಿಕ್ಕಿತು. ಸಮುದ್ರದ ಪಕ್ಕದ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು. ಹದಿನೈದು ವರ್ಷ ಸುಮೊ ಅಖಾಡದಿಂದ ಜನರನ್ನು ಹೊರಕ್ಕೆ ತಳ್ಳಿದವನು ಈಗ ಜನರನ್ನು ಮೆತ್ತಗೆ ಕುರ್ಚಿಯೊಳಕ್ಕೆ ಇಳಿಸುತ್ತಿದ್ದೇನೆ. ಅಕ್ಟೋಬರಿನ ವಿದಾಯ ಸಮಾರಂಭದಲ್ಲಿ ಗುರುಗಳ ಕೈಯಿಂದ ಕತ್ತರಿ ಬೀಳುವವರೆಗೆ ಜುಟ್ಟು ತೆಗೆಯುವಂತಿಲ್ಲವಾದ್ದರಿಂದ ಇಲ್ಲಿ ಎಲ್ಲರಿಗೂ ನಾನು ಜುಟ್ಟಪ್ಪ. ತ್ಸುಯಾ ಎಂಬ ಅಜ್ಜಿ ದಿನಾ ಅದನ್ನು ಮುಟ್ಟಿ ನೋಡಿ, "ಎಣ್ಣೆ ಸಾಲದು ಕಣೋ" ಎನ್ನುತ್ತಾರೆ.

ಇನ್ನೊಂದು ವಿಷಯ. ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದರು. ನೂರಾ ಅರವತ್ತೆಂಟು ಕಿಲೊ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ, ಪಿತ್ತಜನಕಾಂಗದಲ್ಲೆಲ್ಲ ಕೊಬ್ಬು ಕೂತಿದೆ, ಮಂಡಿ ಸವೆದಿದೆ. ಡಾಕ್ಟರು ಕಾಗದ ನೋಡುತ್ತಲೇ ಹೇಳಿದರು: "ನೀನು ಕುಸ್ತಿ ಬಿಟ್ಟೆ ಸರಿ, ಕುಸ್ತಿ ನಿನ್ನನ್ನ ಬಿಟ್ಟಿಲ್ಲ. ಹೀಗೇ ಇದ್ರೆ ನಲವತ್ತೈದು ನೋಡ್ತೀಯ ಅಂತ ನಾನು ಹೇಳಲಾರೆ." ನಮ್ಮ ಗರಡಿಯ ಮಾತ್ಸುಕಾಜೆ ಅಣ್ಣ ಹೋದಾಗ ಅವರಿಗೆ ನಲವತ್ತೆರಡು. ಅವರ ಅಸ್ಥಿ ಆರಿಸಿದವರಲ್ಲಿ ನೀವೂ ಇದ್ದಿರಿ, ನಾನೂ ಇದ್ದೆ. ನಾನು ಹಾಗೆ ಸಾಯುವುದಿಲ್ಲ ಎಂದು ಡಾಕ್ಟರ ಎದುರಿಗೇ ನಿರ್ಧಾರ ಮಾಡಿದೆ, ಅವರಿಗೂ ಹೇಳಿದೆ. ಅವರು ನಕ್ಕರು.

ಶುರುವೂ ಮಾಡಿದ್ದೇನೆ. ಟಿವಿಯಲ್ಲಿ ಒಬ್ಬರು ಹೇಳಿದ ಹೊಸ ಪದ್ಧತಿ. ಬೆಳಿಗ್ಗೆ ಏನೂ ತಿನ್ನಬಾರದು, ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ, ಬೇಕಾದಷ್ಟು. ಊಟವಾದ ಮೇಲೆ ಸ್ವಲ್ಪ ಮಲಗುತ್ತೇನೆ. ಕಷ್ಟವೇ ಆಗುತ್ತಿಲ್ಲ, ಹುಟ್ಟಿನಿಂದ ಬಂದ ಹಾಗಿದೆ.

ಗುರುಗಳಿಗೆ ನನ್ನ ನಮಸ್ಕಾರ ತಿಳಿಸಿ.

ಕಜುಮಾ


ಕುರೊಮಾತ್ಸು ಗರಡಿ, ಟೋಕಿಯೊ
ಫೆಬ್ರುವರಿ 20

ಮಗಾ ಕಜುಮಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ನಕ್ಕು ನಕ್ಕು ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆ, ಮಧ್ಯಾಹ್ನ ಒಂದೇ ಸಲ ಬಿರಿಯುವಷ್ಟು ಊಟ, ಆಮೇಲೆ ನಿದ್ದೆ. ಲೋ ಪೆದ್ದ, ಟಿವಿಯವರು ಇದಕ್ಕೆ ಏನು ಹೆಸರಿಟ್ಟಿದ್ದಾರೋ ನಾನರಿಯೆ, ಗರಡಿಯಲ್ಲಿ ಇದಕ್ಕೆ ಹುಡುಗರನ್ನು ದಪ್ಪ ಮಾಡುವುದು ಎನ್ನುತ್ತಾರೆ. ಹದಿನಾರನೆಯ ವಯಸ್ಸಿಗೆ ಕಡ್ಡಿಯ ಹಾಗೆ ಬಂದವನನ್ನು ನೂರಾ ಅರವತ್ತೆಂಟಕ್ಕೆ ತಂದದ್ದು ಇದೇ ದಿನಚರಿ. ಹುಟ್ಟಿನಿಂದ ಬಂದ ಹಾಗಿದೆಯಂತೆ. ಹುಟ್ಟಿನಿಂದಲ್ಲ, ನನ್ನ ಅಡುಗೆಮನೆಯಿಂದ ಬಂದದ್ದು. ಗುರುಗಳಿಗೆ ಓದಿ ಹೇಳಿದೆ, ಅವರೂ ನಕ್ಕರು. ಅವರು ನಕ್ಕು ಎಷ್ಟು ದಿನವಾಗಿತ್ತೋ.

ಆ ಡಾಕ್ಟರ ಮಾತಿಗೆ ಹೆದರಿದ್ದು ನಿಜ. ಇಳಿಸಲೇಬೇಕು ಮಗಾ. ಅದಕ್ಕೆ ದಾರಿಯೂ ತಾನಾಗಿ ಬಂದಿದೆ. ನಮ್ಮ ಅಭಿಮಾನಿ ಸಂಘದ ಅಧ್ಯಕ್ಷರು ನಿರಾಸಾವಾ ಅವರು ಹೊಸದಾಗಿ ಕಡಲಪಾಚಿಯ ಪುಡಿ ಮಾಡಿಸಿದ್ದಾರೆ. ನೀರಿಗೆ ಕಲಸಿ ಮೂರು ಹೊತ್ತೂ ಊಟದ ಬದಲು ಕುಡಿಯುವುದು, ಅಷ್ಟೇ. ಒಂದು ಪೆಟ್ಟಿಗೆ ಕಳಿಸಿದ್ದೇನೆ. "ನಿಮ್ಮ ಹುಡುಗ ಇಳಿದು ತೋರಿಸಲಿ, ಜುಟ್ಟು ತೆಗೆಯೋ ದಿನದ ಹೋಟೆಲ್ ಖರ್ಚೆಲ್ಲ ನಂದು" ಎಂದು ಬಾಯಿಬಿಟ್ಟು ಹೇಳಿದ್ದಾರೆ. ಪ್ರತಿ ತಿಂಗಳು ಒಂದು ಫೋಟೊ ಕಳಿಸು, ಅದಷ್ಟೇ ಅವರು ಕೇಳುವುದು.

ಗುರುಗಳು ಆರೋಗ್ಯವಾಗಿದ್ದಾರೆ.

ಯೊರಿಕೊ


ಓಗಾ
ಮಾರ್ಚ್ 30

ಗೌರವಾನ್ವಿತ ಅಮ್ಮಾವರಿಗೆ,

ವಸಂತ ಸಮೀಪಿಸುತ್ತಿರುವ ಈ ಸಂದರ್ಭದಲ್ಲಿ ತಾವೆಲ್ಲರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಾವು ದಯವಿಟ್ಟು ಕಳುಹಿಸಿದ ಪುಡಿಯನ್ನು ಸೂಚನೆಯಂತೆ ಸೇವಿಸಿರುತ್ತೇನೆ. ತೂಕ ಹನ್ನೊಂದು ಕಿಲೊ ಕಡಿಮೆಯಾಗಿದೆ. ಯಾವುದೇ ತೊಂದರೆ ಇಲ್ಲ. ಫೋಟೊ ಲಗತ್ತಿಸಿದ್ದೇನೆ. ನಿರಾಸಾವಾ ಅವರಿಗೆ ನನ್ನ ಕೃತಜ್ಞತೆಗಳನ್ನು ತಿಳಿಸಬೇಕಾಗಿ ವಿನಂತಿ.

ಕಜುಮಾ


ಟೋಕಿಯೊ
ಏಪ್ರಿಲ್ 8

ಮಗಾ,

ಹನ್ನೊಂದು ಕಿಲೊ. ಫೋಟೊದಲ್ಲಿ ನಿನಗೆ ಕತ್ತು ಕಾಣಿಸುತ್ತಿದೆ. ನಿನಗೂ ಕತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆದರೆ ಕಾಗದ ಯಾಕೋ ವಿಮಾ ಕಂಪನಿಯವರು ಬರೆದ ಹಾಗಿತ್ತು. ಪುಡಿಯಿಂದ ಮರ್ಯಾದೆಯೂ ಹೆಚ್ಚಾಗುತ್ತದೋ ಏನೋ.

ನಿರಾಸಾವಾ ಅವರು ಕುಣಿದಾಡುತ್ತಿದ್ದಾರೆ. ಜಾಹೀರಾತಿನ ಚಿತ್ರ ಆಗಲೇ ಸಿದ್ಧ. ಎಡಗಡೆ ನೀನು ಅಖಾಡದಲ್ಲಿ ಹೊಟ್ಟೆ ಬಿಟ್ಟುಕೊಂಡು ನಿಂತ ಹಳೆಯ ಚಿತ್ರ, ಕೆಳಗೆ "ಮಾಜಿ ಪೈಲ್ವಾನ ಮಾತ್ಸುಹಯಾತೆ" ಎಂದು ನಿನ್ನ ಕುಸ್ತಿಯ ಹೆಸರು. ಬಲಗಡೆ ಖಾಲಿ ಬಿಟ್ಟಿದ್ದಾರೆ. ಅಕ್ಟೋಬರಿನಲ್ಲಿ ಜುಟ್ಟು ತೆಗೆದು, ಕೋಟು ಹಾಕಿಸಿ, ಅಲ್ಲೇ ನಿನ್ನ ಹೊಸ ಚಿತ್ರ ತೆಗೆಯುತ್ತಾರಂತೆ. ಸುಮೊದವನೇ ಇಳಿದ ಮೇಲೆ ಉಳಿದವರಿಗೆ ಅನುಮಾನ ಯಾಕೆ ಬರುತ್ತದೆ, ಹೇಳು.

ನಿನ್ನನ್ನು ನೋಡಿ ಗುರುಗಳೂ ಈಗ ಅದನ್ನೇ ಕುಡಿಯುತ್ತಿದ್ದಾರೆ. "ಶಿಷ್ಯ ಕುಡಿದದ್ದನ್ನ ಗುರು ಕುಡಿಯದಿದ್ರೆ ಹೇಗೆ" ಎಂದರು. ಮುಖ ಸ್ವಲ್ಪ ಇಳಿದಿದೆ, ಆದರೆ ಲವಲವಿಕೆಯಿಂದಿದ್ದಾರೆ.

ಯೊರಿಕೊ


ಓಗಾ
ಏಪ್ರಿಲ್ 27

ಅಮ್ಮಾವರಿಗೆ ನಮಸ್ಕಾರ.

ಹವೆಯ ಮಾತು ಇವತ್ತು ಬೇಡ. ಮಾರ್ಚ್ ತಿಂಗಳ ಕಾಗದದಲ್ಲಿ ನಾನು ಬರೆದದ್ದು ಸುಳ್ಳು. ಅದನ್ನು ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆದೆ. ತ್ಸುಯಾ ಅಜ್ಜಿಗೆ ಸ್ನಾನ ಮಾಡಿಸಿ ಕುರ್ಚಿಗೆ ಇಳಿಸಿದೆ, ಕೈ ಬಿಟ್ಟೆ, ಅಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಒದ್ದೆ ನೆಲದ ಮೇಲೆ ಬಿದ್ದಿದ್ದೆ, ಅಜ್ಜಿ ಟವೆಲ್ ಸುತ್ತಿಕೊಂಡು ಊರೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು: "ಗುಡ್ಡ ಬಿತ್ತು, ಬನ್ರಪ್ಪಾ, ಗುಡ್ಡ ಬಿತ್ತು." ಒಂದು ಗಳಿಗೆ ಮುಂಚೆ ಬಿದ್ದಿದ್ದರೆ ಅವರ ಮೇಲೆಯೇ ಬೀಳುತ್ತಿದ್ದೆ. ಅವರು ಮೂವತ್ತೆಂಟು ಕಿಲೊ ಇದ್ದಾರೆ ಅಮ್ಮಾವರೇ.

ಪುಡಿಯಿಂದ ಇಳಿದ ಹನ್ನೊಂದು ಕಿಲೊದಲ್ಲಿ ಕೊಬ್ಬಿಗಿಂತ ನೀರು, ಮಾಂಸಖಂಡವೇ ಹೆಚ್ಚು ಎಂದರು ಆಸ್ಪತ್ರೆಯಲ್ಲಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಹಾಗಾಗಿತ್ತು ನನ್ನ ಸ್ಥಿತಿ. ಉಳಿದ ಡಬ್ಬಗಳನ್ನು ಮತ್ತೆ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಊಟದ ವಿಷಯ ನೋಡಿಕೊಳ್ಳುವ ಮಿನಾಗಾವಾ ಎಂಬುವರಿದ್ದಾರೆ. ಒಂದು ಪಟ್ಟಿ ಕೊಡಿ, ಹಾಗೇ ತಿನ್ನುತ್ತೇನೆ ಎಂದೆ. "ಬೇರೆಯವರ ಪಟ್ಟಿ ಬೇಕಾದಷ್ಟಿದೆ, ನಿಮ್ಮದು ಮಾಡ್ಬೇಕಾದ್ರೆ ನಿಮ್ಮನ್ನ ಕೇಳ್ಬೇಕಲ್ಲ" ಎಂದು ಕೂರಿಸಿಕೊಂಡರು. ಯಾವಾಗ ಏಳುತ್ತೀರಿ, ಎಷ್ಟು ಹೊತ್ತಿಗೆ ಕೈ ನಡುಗುತ್ತದೆ, ಯಾವ ಮಂಡಿ ಹೆಚ್ಚು ನೋವು, ಏನು ತಿಂದರೆ ಅಮ್ಮನ ನೆನಪಾಗುತ್ತದೆ, ಎಲ್ಲ ಕೇಳಿದರು. ಯಾವ ಮಂಡಿ ಎಂದು ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಎಡಗಡೆಯದು.

ಒಂದು ದಿನ ಮನೆಯಲ್ಲಿ ಏನು ಮಾಡಿಕೊಳ್ಳುತ್ತೀರಿ ಎಂದು ಕೇಳಿದಾಗ ಹೇಳಿದೆ. ನಮ್ಮ ಗರಡಿಯ ಸಾರು, ಕೋಳಿ, ಎಲೆಕೋಸು, ತೋಫು ಎಲ್ಲ ಹಾಕಿ. ಎಷ್ಟು ಎಂದರು. ಒಂದು ಹಂಡೆ ಎಂದೆ. "ಒಬ್ಬರಿಗಾ?" ಎಂದರು. ನನಗೆ ಒಬ್ಬನಿಗೆ ಅಡುಗೆ ಮಾಡಲು ಬರುವುದಿಲ್ಲ ಅಮ್ಮಾವರೇ. ಎಂಟು ವರ್ಷ ನಿಮ್ಮ ಅಡುಗೆಮನೆಯಲ್ಲಿ ಇಪ್ಪತ್ತು ಪೈಲ್ವಾನರಿಗೆ ಬೇಯಿಸಿದ ಕೈ ಇದು, ಉಪ್ಪಿನ ಅಂದಾಜು ಕೂಡ ಇಪ್ಪತ್ತು ಜನರದ್ದೇ. ಬೇಯಿಸಿದ್ದನ್ನು ಚೆಲ್ಲಬಾರದು ಎಂದು ನೀವೇ ಕಲಿಸಿದ್ದು, ಹಾಗಾಗಿ ಪೂರ್ತಿ ತಿನ್ನುತ್ತಿದ್ದೆ. ಗರಡಿಯಲ್ಲಿ ಬಟ್ಟಲು ಖಾಲಿಯಾದರೆ ಅಣ್ಣಂದಿರು ಮತ್ತೆ ತುಂಬುತ್ತಿದ್ದರು. ಸಾಕು ಎನ್ನುವುದನ್ನು ನನ್ನ ಹೊಟ್ಟೆಗೆ ಯಾರೂ ಹೇಳಿಕೊಟ್ಟಿಲ್ಲ. ಮಿನಾಗಾವಾ ಅವರು ನಗಲಿಲ್ಲ. ಒಂದು ಪುಟ್ಟ ಮಣ್ಣಿನ ಪಾತ್ರೆ ತೆಗೆದುಕೊಳ್ಳಿ, ಅಷ್ಟರಲ್ಲೇ ಮಾಡಿ ಎಂದರು. ಅಂಗಡಿಯಲ್ಲಿ ಅದನ್ನು ಹಿಡಿದುಕೊಂಡಾಗ ಆಟಿಕೆ ಕೊಳ್ಳುವವನ ಹಾಗೆ ಕಂಡೆನೋ ಏನೋ, ಹುಡುಗಿ ಬಣ್ಣದ ಕಾಗದ ಸುತ್ತಿಕೊಟ್ಟಳು.

ಈಗ ಬೆಳಿಗ್ಗೆ ಎದ್ದ ಕೂಡಲೇ ತಿಂಡಿ ತಿನ್ನುತ್ತೇನೆ. ಅರ್ಧ ಬಟ್ಟಲು ಅನ್ನ, ಸುಟ್ಟ ಮೀನು, ತೋಫು ಹಾಕಿದ ತೆಳು ಮಿಸೊ ಸಾರು. ಹೊಗೆಯಲ್ಲಿ ಒಣಗಿಸಿದ ನಮ್ಮೂರ ಮೂಲಂಗಿ ಉಪ್ಪಿನಕಾಯಿ ಪೂರ್ತಿ ಬಿಡಿ ಎನ್ನಲಿಲ್ಲ, ಎರಡೇ ಹೋಳು ಎಂದರು. ಓಡಬೇಡಿ, ಮಂಡಿ ಹೋಗುತ್ತದೆ, ಈಜುಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಿರಿ ಎಂದರು. ನಮ್ಮ ಕಾಲು ಕುಟ್ಟುವ ಸಾಮು ಮಾಡಿ ತೋರಿಸಿದೆ. "ಇಷ್ಟು ವರ್ಷ ಮಾಡಿದ್ದನ್ನ ಯಾಕೆ ಬಿಡ್ತೀರಿ? ಗೋಡೆ ಹಿಡ್ಕೊಂಡು, ಅರ್ಧಕ್ಕೆ ಕೂತು, ನಿಧಾನವಾಗಿ ಮಾಡಿ" ಎಂದರು. ತಿಂಗಳಿಗೊಮ್ಮೆ ಹೋದಾಗ ನನ್ನನ್ನು ನೋಡಿ ಎಲ್ಲ ಬದಲಿಸುತ್ತಾರಂತೆ. ರಾತ್ರಿ ಪಾಳಿ ಇದ್ದ ವಾರಕ್ಕೆ ಬೇರೆಯೇ ಲೆಕ್ಕ.

ಎರಡು ಮಾತು ಕೇಳಿ. ಮೊದಲನೆಯದು, ಗುರುಗಳು ಪುಡಿ ಕುಡಿಯಬಾರದು. ಅವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಇದೆ, ಚುಚ್ಚುಮದ್ದಿದೆ. ಅವರ ಡಾಕ್ಟರನ್ನು ಕೇಳದೆ ಏನೂ ಬೇಡ. ಎರಡನೆಯದು, ಚಿತ್ರದ ಬಲಗಡೆ ಖಾಲಿಯೇ ಇರಲಿ. ಅಲ್ಲಿ ನಾನು ನಿಲ್ಲುವುದಿಲ್ಲ.

ಕಜುಮಾ


ಟೋಕಿಯೊ
ಮೇ 6

ಮಾತ್ಸುಹಯಾತೆಗೆ,

ನೀನು ಬಿದ್ದೆ ಎಂದು ಓದಿ ಎರಡು ದಿನ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಸಿಟ್ಟು ಬಂತು. ಈ ಕಾಗದ ಆ ಸಿಟ್ಟಿನದ್ದು.

ಪುಡಿ ನಿನಗೆ ಒಗ್ಗಲಿಲ್ಲ, ಬಿಡು, ಕುಡಿಯಬೇಡ. ನಾನು ಬಲವಂತ ಮಾಡಿದೆನೇ? ನಿನ್ನ ಮಿನಾಗಾವಾ ಹೇಳಿದ್ದನ್ನೇ ತಿನ್ನು. ಆದರೆ ಅಕ್ಟೋಬರಿನಲ್ಲಿ ಬಂದು ಪುಡಿಯಿಂದ ಇಳಿದೆ ಎಂದು ಒಂದು ಮಾತು ಹೇಳಿ ಫೋಟೊಕ್ಕೆ ನಿಂತರೆ ನಿನ್ನ ಗಂಟೇನು ಹೋಗುತ್ತದೆ? ಹುಡುಗರ ಕೋಣೆಯ ಮಾಡು ಮಳೆಗೆ ಸೋರುತ್ತದೆ. ಈ ವರ್ಷ ಹೊಸ ಹುಡುಗ ಒಬ್ಬನೂ ಸೇರಲಿಲ್ಲ. ನಿರಾಸಾವಾ ಕೈಬಿಟ್ಟರೆ ಗರಡಿಯ ಬಾಗಿಲು ಹಾಕಬೇಕು, ಉಳಿದವರನ್ನು ಬೇರೆ ಗರಡಿಗೆ ಹಂಚಬೇಕು. ಗುರುಗಳು ಅದನ್ನು ನೋಡಿ ಬದುಕುತ್ತಾರೆ ಎಂದುಕೊಂಡಿದ್ದೀಯಾ?

ಹದಿನೈದು ವರ್ಷ ಈ ಮನೆಯ ಅನ್ನ ತಿಂದವನು ನೀನು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಿನಗೆ ಹೇಳಿಕೊಡಬೇಕಾಗಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಗುರುಗಳ ಆರೋಗ್ಯ ನಮಗೆ ಬಿಡು. ಅವರು ಚೆನ್ನಾಗಿದ್ದಾರೆ.

ಯೊರಿಕೊ


ಓಗಾ
ಮೇ 19

ಅಮ್ಮಾವರಿಗೆ,

ನೀವು ಕುಸ್ತಿಯ ಹೆಸರು ಹಿಡಿದು ಬರೆದಿರಿ, ಆದ್ದರಿಂದ ಕುಸ್ತಿಯವನ ಹಾಗೆಯೇ ಉತ್ತರ ಕೊಡುತ್ತೇನೆ.

ನನ್ನ ಗಂಟು ಹೋಗುವುದಿಲ್ಲ, ನಿಜ. ಹೋಗುವುದು ಬೇರೆಯವರದ್ದು. ಹೋದ ವಾರ ತ್ಸುಯಾ ಅಜ್ಜಿಯ ಮಗಳು ಬಂದಿದ್ದರು. ಕೈಯಲ್ಲಿ ಆ ಪುಡಿ ಕಂಪನಿ ಆಗಲೇ ಹಂಚಿದ ಚೀಟಿ, ಎಡಗಡೆ ನನ್ನ ಹೊಟ್ಟೆ, ಬಲಗಡೆ ಇನ್ನೂ ಖಾಲಿ. ಆಕೆಗೂ ಸಕ್ಕರೆ ಇದೆ. "ಮಾತ್ರೆ ತಿಂದು ತಿಂದು ಸಾಕಾಯ್ತು ಜುಟ್ಟಪ್ಪ, ನೀನೇ ಕುಡಿದು ಇಳಿಸಿದ್ದೀಯಲ್ಲ, ನಾನೂ ಮಾತ್ರೆ ಬಿಟ್ಟು ಇದನ್ನೇ ಹಿಡೀತೀನಿ" ಎಂದರು. ಚೀಟಿ ಕಿತ್ತುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅಜ್ಜಿಯೇ ಬಾಯಿ ಹಾಕಿದರು: "ಕುಡಿದು ಇಳಿದದ್ದಲ್ಲ ಕಣೇ, ಕುಡಿದು ಬಿದ್ದದ್ದು. ನನ್ನ ಪಕ್ಕದಲ್ಲೇ." ಆ ಅಜ್ಜಿ ಇಲ್ಲದ ಊರುಗಳಲ್ಲಿ ಯಾರು ಹೇಳುತ್ತಾರೆ?

ಗರಡಿಯ ಅನ್ನ ತಿಂದದ್ದು ಹೌದು. ಆ ಅನ್ನಕ್ಕೆ ಬದಲಾಗಿ ನನ್ನ ಮಂಡಿ ಕೊಟ್ಟೆ, ಬೆನ್ನು ಕೊಟ್ಟೆ, ಇಷ್ಟು ದೊಡ್ಡ ಮೈ ಮಾಡಿಕೊಂಡು ಕೊಟ್ಟೆ. ಕೊಟ್ಟದ್ದಕ್ಕೆ ಬೇಸರವಿಲ್ಲ, ಮತ್ತೆ ಕೇಳಿದರೆ ಮತ್ತೆ ಕೊಡುತ್ತಿದ್ದೆ. ಆದರೆ ಈಗ ಇಳಿಸುತ್ತಿರುವ ಈ ಮೈ ನನ್ನದು. ಇದರ ಒಂದೊಂದು ಕಿಲೊ ನನ್ನ ಪುಟ್ಟ ಪಾತ್ರೆಯಿಂದ, ಕೊಳದ ತಣ್ಣೀರಿನಿಂದ ಇಳಿದದ್ದು. ಅದರ ಮೇಲೆ ನಿರಾಸಾವಾ ತಮ್ಮ ಮುದ್ರೆ ಒತ್ತಲು ನಾನು ಬಿಡುವುದಿಲ್ಲ. ಜುಟ್ಟು ನನ್ನ ತಲೆಯ ಮೇಲಿದೆ, ಅವರ ಕೈಯಲ್ಲಿಲ್ಲ.

ಅಕ್ಟೋಬರಿನಲ್ಲಿ ಬರುತ್ತೇನೆ. ಯಾರಾದರೂ ಕೇಳಿದರೆ ನಿಜ ಹೇಳುತ್ತೇನೆ. ಅದು ಬೇಡವಾದರೆ ಬರಬೇಡ ಎಂದು ಬರೆಯಿರಿ, ಇಲ್ಲಿಯ ಕ್ಷೌರದಂಗಡಿಯಲ್ಲಿ ಕೂತು ತೆಗೆಸಿಕೊಳ್ಳುತ್ತೇನೆ. ಗುರುಗಳ ಕತ್ತರಿಯಲ್ಲದೆ ಬೇರೆ ಕತ್ತರಿ ಬೀಳುವುದೆಂದರೆ ನನಗೆ ಏನು ಎಂದು ನಿಮಗೆ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ.

ಕಜುಮಾ


ಓಗಾ
ಜುಲೈ 15

ಅಮ್ಮಾವರಿಗೆ ನಮಸ್ಕಾರ.

ನಿಮ್ಮ ಉತ್ತರ ಬರಲಿಲ್ಲ. ಬರಬೇಡ ಎಂದೂ ಬರೆಯಲಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಇಲ್ಲಿ ಸೆಕೆ. ಸಮುದ್ರದ ಗಾಳಿ ಇದ್ದರೂ ಜುಟ್ಟಿನ ಎಣ್ಣೆ ಕಿವಿಗೆ ಇಳಿಯುತ್ತದೆ.

ಜೂನ್ ಪೂರ್ತಿ ತೂಕದ ಮುಳ್ಳು ಅಲ್ಲಾಡಲಿಲ್ಲ. ಒಂದು ದಿನ ಸಿಟ್ಟು ಬಂದು ಒಂದು ದೊಡ್ಡ ಪೊಟ್ಟಣ ಬನ್ನು ತಂದು ರಸ್ತೆಯಲ್ಲಿ ನಿಂತೇ ತಿಂದೆ. ಮಿನಾಗಾವಾ ಅವರಿಗೆ ಹೇಳಿದೆ, ಬಯ್ಯುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. "ಎಷ್ಟು ಹೊತ್ತಿಗೆ ತಿಂದ್ರಿ?" ಎಂದರು. ಸಂಜೆ ಕೆಲಸ ಮುಗಿಸಿ ಬರುವಾಗ. "ಹಾಗಾದ್ರೆ ನಿಮ್ಮ ಮಧ್ಯಾಹ್ನದ ಊಟ ಕಡಿಮೆ ಆಗ್ತಿದೆ, ತಪ್ಪು ನನ್ನದು" ಎಂದು ಮಧ್ಯಾಹ್ನಕ್ಕೆ ಒಂದು ಮೊಟ್ಟೆ, ಸ್ವಲ್ಪ ಅನ್ನ ಜಾಸ್ತಿ ಮಾಡಿದರು. ತೂಕ ಇಳಿಯಲು ಹೆಚ್ಚು ತಿನ್ನು ಎಂದದ್ದು ಕೇಳಿ ನಾನು ಮೋಸವೇನೋ ಎಂದುಕೊಂಡೆ. ಈ ತಿಂಗಳು ಮತ್ತೆ ಇಳಿಯುತ್ತಿದೆ.

ಊಟದ ಹಾಲಿನಲ್ಲಿ ನಾನು ಗೋಡೆ ಹಿಡಿದು ಕಾಲು ಕುಟ್ಟುತ್ತಿದ್ದೆ. ನೋಡಿ ನೋಡಿ ಅಜ್ಜಿಯರೂ ಶುರು ಮಾಡಿದರು, ಕುರ್ಚಿಯಲ್ಲಿ ಕೂತು, ಒಂದೊಂದೇ ಕಾಲು. ತ್ಸುಯಾ ಅಜ್ಜಿ ತಮಗೂ ಒಂದು ಕುಸ್ತಿಯ ಹೆಸರು ಬೇಕೆಂದು ಹಟ ಹಿಡಿದಿದ್ದಾರೆ.

ಗುರುಗಳು ಹೇಗಿದ್ದಾರೆ? "ಚೆನ್ನಾಗಿದ್ದಾರೆ" ಎಂದು ಬರೆಯಬೇಡಿ. ನೀವು ಒಂದೇ ಸಾಲಿನಲ್ಲಿ ಮುಗಿಸುವ ಮಾತನ್ನು ನಾನು ನಂಬುವುದಿಲ್ಲ. ಮಾರ್ಚಿನಲ್ಲಿ ನಾನೂ ಹಾಗೆಯೇ ಬರೆದಿದ್ದೆ.

ಕಜುಮಾ


ಟೋಕಿಯೊ, ಆಸ್ಪತ್ರೆಯಿಂದ
ಆಗಸ್ಟ್ 21

ಕಜುಮಾ,

ಗುರುಗಳ ಬಲಗಾಲಿನ ಎರಡು ಬೆರಳು ತೆಗೆದರು.

ಹೇಗೆ ಶುರು ಮಾಡಲಿ ಎಂದು ಮೂರು ಕಾಗದ ಹರಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಏಪ್ರಿಲಿನಿಂದ ಅವರು ಮಾತ್ರೆಯನ್ನೂ ಮುಟ್ಟಿಲ್ಲ, ಚುಚ್ಚುಮದ್ದನ್ನೂ ಮುಟ್ಟಿಲ್ಲ. "ಪುಡಿ ಒಂದೇ ಸಾಕು, ನಾನು ಹೊಣೆ" ಎಂದು ನಿರಾಸಾವಾ ಹೆಗಲು ತಟ್ಟಿ ಹೇಳಿದ್ದರು. ಹೆಗಲು ತಟ್ಟಿದವರ ಮಾತು ಮೀರುವುದು ಇವರ ಜಾತಕದಲ್ಲೇ ಇಲ್ಲ. ನನಗೆ ಗೊತ್ತಿತ್ತು ಮಗಾ. ಗೊತ್ತಿದ್ದೇ ನಿನಗೆ ಚೆನ್ನಾಗಿದ್ದಾರೆ ಎಂದು ಬರೆದೆ. ನಿನ್ನ ಏಪ್ರಿಲಿನ ಕಾಗದ ಓದಿದ ದಿನ ಇವರಿಗೆ ಹೇಳಿದೆ, ಜಗಳವೂ ಆಯಿತು. "ಶಿಷ್ಯ ಕೈಕೊಟ್ಟ, ನಾನೂ ಕೈಕೊಡಲಾ?" ಎಂದರು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ, ಸಿಟ್ಟನ್ನೆಲ್ಲ ನಿನ್ನ ಮೇಲೆ ತೀರಿಸಿದೆ. ದೂರ ಇದ್ದವನು, ತಿರುಗಿ ಹೊಡೆಯಲಾರ ಎಂದುಕೊಂಡಿದ್ದೆ. ನೀನು ಹೊಡೆದೆ.

ಕಾಲಿಗೆ ಚಿಕ್ಕ ಗಾಯವಾಗಿತ್ತು. ಅಖಾಡದ ಮಣ್ಣಿನಲ್ಲಿ ಗಾಯ ಯಾರಿಗೆ ಆಗುವುದಿಲ್ಲ ಎಂದು ಬಿಟ್ಟರು. ಪಿತೃಗಳ ಹಬ್ಬದ ವಾರ ಬೆರಳು ಕಪ್ಪಗಾಯಿತು. ಕಾಲೇ ಹೋಗಬಹುದಿತ್ತು, ಜೀವವೂ ಹೋಗಬಹುದಿತ್ತು ಎಂದು ಡಾಕ್ಟರು ನನ್ನನ್ನು ನಿಲ್ಲಿಸಿಕೊಂಡು ಬೈದರು. ಬೈಸಿಕೊಂಡೆ.

ನಿನ್ನೆ ನಿರಾಸಾವಾ ಬಂದರು, ದೊಡ್ಡ ಹಣ್ಣಿನ ಬುಟ್ಟಿ ಹೊತ್ತುಕೊಂಡು. ಇವರ ಮುಖ ನೋಡಿದ್ದಕ್ಕಿಂತ ಬಾಗಿಲು ನೋಡಿದ್ದೇ ಹೆಚ್ಚು. ನನ್ನನ್ನು ಹೊರಗೆ ಕರೆದು, "ಪುಡಿ ವಿಷಯ ಇಲ್ಲಿ ಯಾರ ಹತ್ರಾನೂ ಎತ್ತಬೇಡಿ ಅಮ್ಮಾ, ಅಕ್ಟೋಬರ್ ಕಾರ್ಯಕ್ರಮ ಮಾತ್ರ ಹಾಗೇ ಇರ್ಲಿ" ಎಂದರು. ಮೂವತ್ತು ವರ್ಷ ಅವರಿಗೆ ತಲೆ ಬಾಗಿದ ಸೊಂಟ ನನ್ನದು. ನಿನ್ನೆ ಬಾಗಲಿಲ್ಲ. "ಎತ್ತಿಯಾಯ್ತು. ಡಾಕ್ಟರಿಗೆ ಡಬ್ಬಾನೇ ಕೊಟ್ಟಿದ್ದೀನಿ" ಎಂದೆ. ಬುಟ್ಟಿಯನ್ನು ಅವರ ಕೈಗೇ ಕೊಟ್ಟೆ, "ಇವರು ಇಷ್ಟು ಹಣ್ಣು ತಿನ್ನಂಗಿಲ್ಲ" ಎಂದೆ.

ಸಂಘ ಕೈಬಿಟ್ಟಿತು. ಹೋಟೆಲಿಲ್ಲ. ಜುಟ್ಟು ತೆಗೆಯುವುದು ನಮ್ಮ ಗರಡಿಯಲ್ಲೇ, ಅಖಾಡದ ಪಕ್ಕ ಗುರುಗಳು ಕೂರುವ ಹಲಗೆಯ ಜಗಲಿಯ ಮೇಲೆ. ಮಣ್ಣಿನ ಮೇಲೆ ಹೆಂಗಸರು ಕಾಲಿಡುವಂತಿಲ್ಲ, ಹಲಗೆಯ ಮೇಲಾದರೆ ಬಂದವರೆಲ್ಲರ ಹಾಗೆ ನಾನೂ ಒಂದು ಕತ್ತರಿ ಹಾಕಬಹುದು. ಗರಡಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಬರುತ್ತೀಯಾ?

ಯೊರಿಕೊ


ಓಗಾ
ಸೆಪ್ಟೆಂಬರ್ 2

ಅಮ್ಮಾವರಿಗೆ,

ಬರುತ್ತೇನೆ. ಇದನ್ನು ಕೇಳಬೇಕೇ?

ನಿಮ್ಮ ಕಾಗದ ಓದಿ ಸ್ನಾನದ ಕೋಣೆಗೆ ಹೋಗಿ ಅತ್ತೆ. ಆಮೇಲೆ ಸಿಟ್ಟಿನಲ್ಲಿ ಎಷ್ಟು ಜೋರಾಗಿ ಕಾಲು ಕುಟ್ಟಿದೆನೆಂದರೆ ಮೇಲ್ವಿಚಾರಕರು ಭೂಕಂಪವೆಂದು ಓಡಿಬಂದರು.

ಗುರುಗಳಿಗೆ ನನ್ನ ಪಟ್ಟಿ ತೋರಿಸಬೇಡಿ. ಮಿನಾಗಾವಾ ಅವರನ್ನು ಕೇಳಿದೆ, ಅದನ್ನೇ ಗುರುಗಳಿಗೆ ಕಳಿಸಲಾ ಎಂದು. ಬೈಸಿಕೊಂಡೆ. "ನಿಮಗೆ ಮೂವತ್ತೊಂದು, ಅವರಿಗೆ ಅರವತ್ತೆರಡು. ಅವರ ಕಾಲು ಬೇರೆ, ಮೂತ್ರಪಿಂಡ ಬೇರೆ, ಔಷಧಿ ಬೇರೆ. ನಿಮ್ಮ ತಟ್ಟೆ ಅವರ ಮುಂದಿಟ್ರೆ ಅದೂ ಒಂದು ಪುಡಿಯೇ" ಎಂದರು. ಆಸ್ಪತ್ರೆಯಲ್ಲಿ ಕೇಳಿ, ಅವರಿಗೆಂದೇ ಮಾಡಿದ್ದನ್ನು ಬರೆಸಿಕೊಂಡು ಬನ್ನಿ. ಗುರುಗಳು ಬೇಡವೆನ್ನುತ್ತಾರೆ. ಅನ್ನಲಿ. ಕಾಗದದಲ್ಲಿ ನನಗೆ ಹೊಡೆದ ಹಾಗೆ ಅವರಿಗೂ ಮಾತಿನಲ್ಲಿ ಹೊಡೆಯಿರಿ, ನಾನು ನಿಮ್ಮ ಕಡೆ.

ಕಜುಮಾ


ಟೋಕಿಯೊ
ಅಕ್ಟೋಬರ್ 9

ಮಗಾ ಕಜುಮಾ,

ಸಂಜೆ ಹೊತ್ತು ತಣ್ಣಗಿದೆ, ಬೀದಿಯಲ್ಲಿ ಸುಟ್ಟ ಗೆಣಸಿನ ಗಾಡಿ ಬರಲು ಶುರುವಾಗಿದೆ. ಹವೆಯ ಮಾತು ಮುಗಿಯಿತು.

ಜುಟ್ಟಿಲ್ಲದ ನಿನ್ನ ತಲೆ ನೋಡಿ ರೈಲು ಹೊರಟ ಮೇಲೂ ನಗುತ್ತಿದ್ದೆ. ಹೋಟೆಲಿನ ಹಾಲಿಗೆ ಐನೂರು ಜನ ಬರುತ್ತಿದ್ದರೋ ಏನೋ, ನಮ್ಮ ಹಲಗೆಯ ಮೇಲೆ ಬೀದಿಯವರೂ ಹಳೆಯ ಹುಡುಗರೂ ಸೇರಿ ಹಿಡಿಸಲಾರದಷ್ಟು ಆಯಿತು. ತೋಫು ಅಂಗಡಿಯವರು ಕತ್ತರಿ ಹಾಕುತ್ತಾ, "ಮೂವತ್ತೇಳು ಕಿಲೊ ಇಳಿಸಿದ್ದೀಯಂತೆ, ಯಾವ ಮದ್ದಯ್ಯಾ?" ಎಂದು ಕೇಳಿದಾಗ ನೀನು, "ಬೆಳಗಿನ ತಿಂಡಿ" ಎಂದೆ. ತಮಾಷೆ ಮಾಡಿದೆ ಎಂದು ಎಲ್ಲ ನಕ್ಕರು. ನಾನು ಕುರ್ಚಿಯಲ್ಲಿದ್ದ ಗುರುಗಳ ಮುಖ ನೋಡಿದೆ. ಅವರು ನಗಲಿಲ್ಲ. ಕೊನೆಯ ಕತ್ತರಿ ಹಾಕುವ ಮುಂಚೆ ಅವರು ಅದನ್ನು ಎರಡು ಸಲ ಕೆಳಗಿಟ್ಟದ್ದು ಕಾಯಿಲೆಯಿಂದ ಎಂದು ನೀನು ತಿಳಿದಿರಬಹುದು. ಅಲ್ಲ.

ನೀನು ಹೋದ ಮೇಲಿನ ಸಂಗತಿ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಇವರಿಗೆಂದೇ ಬರೆದುಕೊಟ್ಟ ಊಟ ಶುರುವಾಗಿ ಒಂದು ತಿಂಗಳಾಯಿತಲ್ಲ. ಮಧ್ಯಾಹ್ನದ್ದು ತಿನ್ನುತ್ತಾರೆ, ರಾತ್ರಿಯದ್ದು ಗೊಣಗಿಕೊಂಡು ತಿನ್ನುತ್ತಾರೆ. ಬೆಳಗಿನದ್ದು ಮಾತ್ರ ಮುಟ್ಟುತ್ತಿರಲಿಲ್ಲ. ಚುಚ್ಚುಮದ್ದು ತೆಗೆದುಕೊಂಡು ತಿಂಡಿ ತಿನ್ನದಿದ್ದರೆ ಏನಾಗುತ್ತದೆಂದು ಡಾಕ್ಟರು ಎಷ್ಟು ಹೇಳಿದರೂ, ಹುಡುಗರು ಖಾಲಿ ಹೊಟ್ಟೆಯಲ್ಲಿ ಅಭ್ಯಾಸ ಮಾಡುವಾಗ ಗುರುವಾದವನು ತಿನ್ನಬಾರದು ಎಂದು ಒಂದೇ ಹಟ. ಈ ಮನೆಯಲ್ಲಿ ಬೆಳಗಿನ ಅಭ್ಯಾಸಕ್ಕೆ ಮುಂಚೆ ಯಾರೂ ತಿಂದದ್ದಿಲ್ಲ. ಮದುವೆಯಾಗಿ ಬಂದ ಮೇಲೆ ನಾನೂ ತಿಂದಿಲ್ಲ.

ಇವತ್ತು ಬೆಳಿಗ್ಗೆ ಅಭ್ಯಾಸ ಜೋರಾಗಿ ನಡೆದಿತ್ತು. ಗುರುಗಳು ಹಲಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನಾನು ತಟ್ಟೆ ತಂದು ಅವರ ಮುಂದೆ ಇಟ್ಟೆ. ಬಾರ್ಲಿ ಬೆರೆಸಿದ ಅನ್ನ, ಮೀನು, ಬೇಯಿಸಿದ ಸೊಪ್ಪು. ಅಖಾಡದಲ್ಲಿ ಹಿಡಿದುಕೊಂಡಿದ್ದ ಇಬ್ಬರು ಹಿಡಿದ ಹಾಗೇ ನಿಂತರು.

"ಏನಿದು?" ಎಂದರು.

"ತಿಂಡಿ."

"ತಗೊಂಡು ಹೋಗು. ಗರಡಿಯಲ್ಲಿ ಬೆಳಿಗ್ಗೆ ಯಾರೂ ತಿನ್ನಲ್ಲ. ನಮ್ಮ ಗುರುಗಳು ತಿಂದಿಲ್ಲ, ಅವರ ಗುರುಗಳು ತಿಂದಿಲ್ಲ."

"ನಿಮ್ಮ ಗುರುಗಳು ಎಷ್ಟಕ್ಕೆ ಹೋದ್ರು?"

ಅವರು ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ಐವತ್ತೊಂದಕ್ಕೆ. ಅವರ ಗುರುಗಳು? ನಲವತ್ತೆಂಟಕ್ಕೆ. ನಿಮ್ಮ ಮಾತ್ಸುಕಾಜೆ? ಹೇಳ್ತಾ ಹೋಗ್ಲಾ?"

"ಹುಡುಗರು ನೋಡ್ತಿದ್ದಾರೆ ಯೊರಿಕೊ," ಎಂದರು, ಹಲ್ಲು ಕಚ್ಚಿಕೊಂಡು. "ಹುಡುಗರ ಮುಂದೆ ತಿನ್ನು ಅಂತೀಯಾ?"

"ಹುಡುಗರ ಮುಂದೆ ಸಾಯೋದಕ್ಕಿಂತ ಮೇಲು."

ಮೂವತ್ತು ವರ್ಷದಲ್ಲಿ ಆ ಹಲಗೆಯ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಅಲ್ಲಿಂದ ಕದಲಲಿಲ್ಲ. ಅವರು ನನ್ನನ್ನು ನೋಡಿದರು, ಹುಡುಗರನ್ನು ನೋಡಿದರು, ಪಟ್ಟಿ ಕಟ್ಟಿದ ಕಾಲನ್ನು ನೋಡಿದರು. ಆಮೇಲೆ ಹುಡುಗರಿಗೆ, "ಏನ್ ನೋಡ್ತೀರಿ? ಹಿಡೀರಿ ಮತ್ತೆ," ಎಂದು ಗದರಿಸಿ, ಊಟದ ಕಡ್ಡಿ ಎತ್ತಿಕೊಂಡು ಮೀನು ಮುರಿದರು.

ಪೂರ್ತಿ ತಿಂದರು. ನಾನೂ ಪಕ್ಕದಲ್ಲೇ ಕೂತು ತಿಂದೆ.

ಯೊರಿಕೊ